ಹೊಸ ಸಾಣೆಕಲ್ಲು ತರಬೇಡಿ

ಅಪ್ಪಾ,

ಇವತ್ತು ಇನ್ನೊಂದು ಸಾಣೆಕಲ್ಲು ತರಲು ಹೋಗಬೇಡಿ. ನಾನೇ ಅಂಗಡಿಗೆ ಹೊರಟಿದ್ದೇನೆ. ಆಗಲೇ ಬಾಗಿಲವರೆಗೆ ಹೋಗಿ ವಾಪಸ್ಸು ಬಂದೆ, ಇದನ್ನು ಬರೆಯದೆ ಕಾಲು ಮುಂದೆ ಹೋಗುತ್ತಿಲ್ಲ. ಅಳತೆ ತೋರಿಸಲೆಂದು ನಿಮ್ಮ ಅಗಲದ ಉಳಿ ನನ್ನ ಚೀಲದಲ್ಲಿದೆ, ಹುಡುಕಬೇಡಿ.

ನಿನ್ನೆ ನೀವು "ಈ ಕಲ್ಲೂ ಸರಿಯಿಲ್ಲ ಕಣೇ" ಅಂದಾಗ ಅಮ್ಮ "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದು ನಕ್ಕಳು. ನೀವು ನಗಲಿಲ್ಲ, ಕೈಯನ್ನು ಜೇಬಿಗೆ ಸೇರಿಸಿಬಿಟ್ಟಿರಿ. ನಾನು ನೋಡಿದೆ.

ಕಲ್ಲು ಚೆನ್ನಾಗಿಯೇ ಇದೆ ಅಪ್ಪಾ. ಕೈ ನಡುಗಿದರೆ ಅಲಗು ಸೊಟ್ಟಗಾಗುತ್ತದೆ, ಅಷ್ಟೇ. ಎದುರಿಗೆ ನಿಂತು ಹೇಳಲು ನಾಲಿಗೆ ಏಳಲಿಲ್ಲ. ಅಮ್ಮನಿಗೆ ಗೊತ್ತಾದರೆ "ಇನ್ನು ಮರಗೆಲಸ ಸಾಕು" ಅಂತಾಳೆಂಬ ಹೆದರಿಕೆ ನಿಮಗೆ. ನೀವು ಕೆಲಸ ಬಿಡುವುದು ನನಗೂ ಬೇಡ.

ಜೋರಾಗಿ ತಿರುಗುವ ಗ್ರೈಂಡರ್ ತರುವುದಿಲ್ಲ, ಅದು ಅಲಗನ್ನು ಸುಟ್ಟು ನೀಲಿ ಮಾಡುತ್ತದೆ. ನೀರಿನಲ್ಲಿ ನಿಧಾನವಾಗಿ ತಿರುಗುವ ಕಲ್ಲಿನ ಚಕ್ರ ಕೇಳುತ್ತೇನೆ, ಉಳಿಯನ್ನು ಕಚ್ಚಿ ಹಿಡಿಯುವ ಹಿಡಿಕೆ ಇರುವಂಥದ್ದು. ಉಳಿ ಎಷ್ಟು ಓರೆಯಾಗಿರಬೇಕೋ ಅಷ್ಟಕ್ಕೆ ಒಮ್ಮೆ ಬಿಗಿದರೆ, ಕೈ ಅಲುಗಿದರೂ ಉಳಿ ಅಲುಗುವುದಿಲ್ಲ. ಕಿಟಕಿ ಪಕ್ಕದ ಮೇಜು ಖಾಲಿ ಮಾಡಿಡಿ. ಅದರ ಮೇಲಿರುವ ಭಾರದ ಹಲಗೆ ಮಾತ್ರ ಹಾಗೇ ಇರಲಿ, ನಾನು ಬಂದು ಎತ್ತುತ್ತೇನೆ.

ಈ ಚೀಟಿ ಓದಿ ಹರಿದುಹಾಕಿ. ಚಕ್ರ ಯಾಕೆ ಬಂತು ಅಂತ ಅಮ್ಮ ಕೇಳಿದರೆ, "ಮಗಳಿಗೆ ಇನ್ನೂ ಕೈ ಕುದುರಿಲ್ಲ, ಅವಳಿಗೇ ತರಿಸಿದ್ದು" ಅನ್ನಿ. ಅವಳು ನನ್ನನ್ನು ಎಷ್ಟು ಬೇಕಾದರೂ ಆಡಿಕೊಳ್ಳಲಿ.