ಪಕ್ಕದ ಸೀಟಿನ ಬ್ರೇಕ್

ಮಾರ್ಚ್ 3
ಇವತ್ತು ನಾನು ಕಲಿಸಿದ್ದು ಎರಡೇ ಡ್ರೈವಿಂಗ್ ಕ್ಲಾಸ್. ಬ್ಯಾಂಕ್ ಮೇಡಂ ಇವತ್ತೂ ಕ್ಲಚ್ಚನ್ನು ಹಾವು ತುಳಿದಂತೆ ತುಳಿದರು. ಅಷ್ಟರಲ್ಲಿ ಮನೆಯಿಂದ ಇವರ ಫೋನ್ — ಗುಬ್ಬಿಗೆ ಮತ್ತೆ ಹೊಟ್ಟೆನೋವು. ಓಡಿದೆ. ಮಗಳು ಮಂಡಿ ಮಡಚಿ, ನೆಲಕ್ಕೆ ಹಣೆ ಹಚ್ಚಿ ಕೂತಿದ್ದಳು. ಅಳು ಇಲ್ಲ. ಅತ್ತು ಪ್ರಯೋಜನವಿಲ್ಲ ಎಂದು ಒಂಬತ್ತು ವರ್ಷಕ್ಕೇ ಗೊತ್ತಾಗಿಬಿಟ್ಟಿದೆ. ತಿಂದದ್ದು ಎರಡು ತುತ್ತು. ಬಿಸಿನೀರಿನ ಬ್ಯಾಗ್, ಆಮೇಲೆ ಆಸ್ಪತ್ರೆ, ಡ್ರಿಪ್...

ಮಾರ್ಚ್ 5
ಸರ್ಜನ್ ಚಿತ್ರ ಬರೆದು ತೋರಿಸಿದರು. ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿಯ ನಾಳದಲ್ಲಿ ಕಲ್ಲು. ಜೀರ್ಣರಸ ಹರಿಯಲು ದಾರಿಯಿಲ್ಲ, ಅದಕ್ಕೇ ನೋವು. ನಾಳವನ್ನು ಉದ್ದಕ್ಕೂ ಬಿಡಿಸಿ, ಕಲ್ಲು ತೆಗೆದು, ಕರುಳಿಗೆ ಜೋಡಿಸುತ್ತಾರಂತೆ.
"ಖರ್ಚು?" ಇವರು ಕೇಳಿದರು. ಉತ್ತರ ಕೇಳಿ ಗೋಡೆ ನೋಡಿದರು.
"ಎರಡು ವರ್ಷದ ಅಡ್ಮಿಷನ್ ಬಿಲ್ ಎಲ್ಲಾ ಕೂಡಿಸಿ ನೋಡಿ, ಇದಕ್ಕಿಂತ ಜಾಸ್ತಿನೇ ಆಗಿರುತ್ತೆ. ನೋವು ಪೂರ್ತಿ ಹೋಗುತ್ತೆ ಅಂತ ಬರೆದುಕೊಡಕ್ಕಾಗಲ್ಲ. ಹೆಚ್ಚಿನ ಮಕ್ಕಳಿಗೆ ಹೋಗಿದೆ" ಎಂದರು ಸರ್ಜನ್.
ಹನಿ ಹನಿಗೂಡಿದರೆ ಹಳ್ಳ. ನಾವು ಆಗಲೇ ಹಳ್ಳ ತುಂಬಿಸಿ ಕೂತಿದ್ದೆವು.

ಮಾರ್ಚ್ 21
ಆಪರೇಷನ್ನಿಗಾಗಿ ಕಾರು ಮಾರಿದೆ. ಪಕ್ಕದ ಸೀಟಿನಲ್ಲಿ ಕೂತ ನನಗೂ ಒಂದು ಬ್ರೇಕ್ ಇದ್ದ ಕಾರು. ಇನ್ನು ಕಲಿಯುವವರ ಕಾರಿನಲ್ಲೇ ಪಾಠ. ಇವತ್ತು ತಿರುವಿನಲ್ಲಿ ನನ್ನ ಕಾಲು ಇಲ್ಲದ ಬ್ರೇಕನ್ನು ಒತ್ತಿತು.
"ಭಯ ಆಗ್ತಿದ್ಯಾ?" ಎಂದರು ಬ್ಯಾಂಕ್ ಮೇಡಂ.
ಇಲ್ಲ ಎಂದೆ. ಶುದ್ಧ ಸುಳ್ಳು.

ಏಪ್ರಿಲ್ 2, ಮಧ್ಯಾಹ್ನ, ಆಪರೇಷನ್ ಥಿಯೇಟರ್ ಹೊರಗೆ
ಬೆಳಿಗ್ಗೆಯೇ ಒಳಗೆ ಕರೆದೊಯ್ದರು. "ಅಮ್ಮಾ, ನೀನೂ ಬಂದು ಪಕ್ಕದಲ್ಲಿ ಕೂರು" ಎಂದಳು ಗುಬ್ಬಿ. ನನ್ನನ್ನು ಒಳಗೆ ಬಿಡಲಿಲ್ಲ. ಕಾಲು ನೆಲ ಒತ್ತುತ್ತಲೇ ಇದೆ.
"ಅಷ್ಟೊಂದು ಒತ್ತಬೇಡ್ವೇ, ಟೈಲ್ಸ್ ಕಿತ್ತುಬರುತ್ತೆ" ಎಂದರು ಇವರು.

ಸಂಜೆ
ಆಯಿತು. ಸರ್ಜನ್ ಪುಟ್ಟ ಡಬ್ಬಿ ತೋರಿಸಿದರು. ಬಿಳಿ ಕಲ್ಲುಗಳು, ಅಕ್ಕಿಕಾಳಿನಷ್ಟು. ಇಷ್ಟಕ್ಕೇ ನನ್ನ ಮಗು ಹಾಗೆ ಮಡಚಿಕೊಳ್ಳುತ್ತಿತ್ತೆ? ಡಬ್ಬಿ ಹಿಡಿದ ಈ ಬೆರಳುಗಳು ಅಲ್ಲಿಯವರೆಗೂ ಹೋಗಿ, ಹುಡುಕಿ, ಹೊಲಿದು ಬಂದವೆ? ಒಬ್ಬರಿಗೆ ರಿವರ್ಸ್ ಕಲಿಸಲು ನನಗೆ ವಾರ ಬೇಕು. ಕೈ ಮುಗಿದೆ.
"ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಬರ್ತೀನಿ" ಎಂದು ಸರ್ಜನ್ ಹೊರಟುಹೋದರು. ದೇವರಂಥವರಿಗೂ ಹಸಿವಾಗುತ್ತದೆ.

ಏಪ್ರಿಲ್ 30, ಮನೆ
ಗುಬ್ಬಿ ಜೀರ್ಣಕ್ಕೆಂದು ಕೊಟ್ಟ ಕ್ಯಾಪ್ಸೂಲ್ ನುಂಗಿಕೊಂಡು ತಟ್ಟೆ ಖಾಲಿ ಮಾಡಿದಳು. ಮೊದಲೆಲ್ಲ ಉಂಡ ಅರ್ಧ ಗಂಟೆಗೆ ನೋವು ಬರುತ್ತಿತ್ತು. ಆ ಅಭ್ಯಾಸಕ್ಕೆ ಇವತ್ತೂ ಊಟ ಮುಗಿದರೂ ಯಾರೂ ಏಳಲಿಲ್ಲ. ಬಿಸಿನೀರಿನ ಬ್ಯಾಗ್ ತುಂಬಿಟ್ಟು, ಕಾಲಿನಿಂದ ನೆಲ ಒತ್ತುತ್ತಲೇ ಕೂತಿದ್ದೆ.
"ಯಾಕೆ ಎಲ್ಲರೂ ನನ್ನೇ ನೋಡ್ತಿದೀರ?"
ಎದ್ದಳು. ಬ್ಯಾಗ್ ಎತ್ತಿಕೊಂಡಳು. ಮತ್ತೆ ನೋವೇ ಎಂದುಕೊಂಡೆ. ಅವಳು ನೆಲದಲ್ಲಿ ಕೂತು, ಅದನ್ನು ನನ್ನ ಪಾದದ ಕೆಳಗೆ ಇಟ್ಟಳು.
"ಒತ್ತೀ ಒತ್ತೀ ನೋವಾಗಿರುತ್ತೆ, ಅಮ್ಮ."
ಪಾದ ಇನ್ನೂ ಬೆಚ್ಚಗಿದೆ. ಅರ್ಧ ಗಂಟೆ ಯಾವಾಗ ದಾಟಿತೋ ನೋಡಲಿಲ್ಲ. ಅಡುಗೆಮನೆಯಲ್ಲಿ ಡಬ್ಬದ ಮುಚ್ಚಳದ ಸದ್ದು. ಇವಳೇ. ಈಗಷ್ಟೇ ಉಂಡವಳು, ಮತ್ತೆ ಏನೋ ತಿನ್ನಲು —