ಅಪ್ಪನೂ ಮಗಳೂ ಕಲಿತ ತರಗತಿ

ಕೊಪ್ಪಳ
ಕಾರ್ತಿಕ ಮಾಸದ ಎರಡನೆಯ ಸೋಮವಾರ, ಕ್ರಿ.ಶ. ೨೧೪೭

ಹಿರಿಯರಿಗೆ,

ಮೇಲಿನ ದಿನಾಂಕ ನೋಡಿ ನೀವು ಈ ಕಾಗದವನ್ನು ಮಡಚಿ ಪಕ್ಕಕ್ಕಿಟ್ಟರೆ ನನಗೆ ಬೇಸರವಿಲ್ಲ. ನಿಮ್ಮನ್ನು ಹಿರಿಯರೆನ್ನುವಾಗ ನನಗೂ ಕೈ ತಡೆಯುತ್ತದೆ. ನೀವು ನನ್ನ ಮುತ್ತಜ್ಜಿಯ ತಾಯಿಯ ಕಾಲದವರು, ನಿಜ. ಆದರೆ ಇದನ್ನು ಓದುವ ಹೊತ್ತಿಗೆ ನಿಮ್ಮಲ್ಲಿ ಬಹಳಷ್ಟು ಜನ ನನ್ನ ಮಗಳ ವಯಸ್ಸಿನವರಿರುತ್ತೀರಿ. ನಿಮ್ಮ ಕನ್ನಡದಲ್ಲಿಯೇ ಬರೆಯಲು ಪ್ರಯತ್ನಿಸಿದ್ದೇನೆ. ಕೆಲವು ಪದಗಳು ನಮ್ಮ ಕಾಲದವು, ಅವನ್ನು ಬಿಟ್ಟು ಹೇಳಲು ಆಗಲಿಲ್ಲ. ಕಿವಿಗೆ ಒರಟೆನಿಸಿದರೆ ಸಹಿಸಿಕೊಳ್ಳಿ.

ನನ್ನ ಹೆಸರು ಚಂಪಾವತಿ ಬಾಳಿಕಾಯಿ. ಕೊಪ್ಪಳದ ಮರುಶಾಲೆಯಲ್ಲಿ ಪಾಠ ಹೇಳುತ್ತೇನೆ. ಮರುಶಾಲೆ ಎಂದರೆ ಕೆಲಸ ಮುಗಿದವರು ಹೊಸ ಕೆಲಸ ಕಲಿಯಲು ಬರುವ ಜಾಗ. ನಮ್ಮಲ್ಲಿ ಯಾರನ್ನೂ ಕೆಲಸದಿಂದ ತೆಗೆದುಹಾಕುವುದಿಲ್ಲ, ಕೆಲಸವೇ ಮುಗಿದುಹೋಗುತ್ತದೆ. ಹಾಗೆಂದು ತಿಳಿಸುವ ಸುದ್ದಿಗೆ ಮುಗಿವೋಲೆ ಎನ್ನುತ್ತೇವೆ. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಅದು ನಾಲ್ಕೈದು ಸಲ ಬರುವುದು ಸಾಮಾನ್ಯ. ಬಂದ ಮನೆಗೆ ನೆರೆಯವರು ರೊಟ್ಟಿ, ಪಲ್ಯ ಕೊಟ್ಟು ಹೋಗುತ್ತಾರೆ, ಹೆಚ್ಚು ಮಾತಾಡುವುದಿಲ್ಲ. ಒಂದು ವಾರ ಕಳೆದ ಮೇಲೆ ಆ ಮನೆಯವರು ಮರುಶಾಲೆಗೆ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಅದೇ ಬೆಂಚಿನ ಮೇಲೆ ಒಂಬತ್ತು ತುಂಬಿದ ಮಕ್ಕಳೂ ಕೂರುತ್ತಾರೆ. ಮೊದಮೊದಲು ಶಿಕ್ಷಕರು ಸಾಲದೆ ದೊಡ್ಡವರನ್ನೂ ಮಕ್ಕಳನ್ನೂ ಕೂಡಿಸಿದ್ದು, ಆಮೇಲೆ ಅದೇ ಪದ್ಧತಿಯಾಯಿತು. ಬೆಳಿಗ್ಗೆ ನನ್ನ ತರಗತಿಗೆ ಬಂದು ನೋಡಿದರೆ ಬಿಳಿ ಮೀಸೆಯವರ ಪಕ್ಕದಲ್ಲಿ ಎರಡು ಜಡೆಯವರು, ಎಲ್ಲರ ಮುಂದೆಯೂ ಒಂದೇ ಪಾಠ. ಮಧ್ಯಾಹ್ನದ ಹೊತ್ತಿಗೆ ದೊಡ್ಡವರು ಆಕಳಿಸುತ್ತಾರೆ. ಮಕ್ಕಳು ಅದನ್ನು ನೋಡಿ ಆಕಳಿಸುತ್ತಾರೆ.

ನಿಮ್ಮ ಕಾಲದ ಜಾಹೀರಾತುಗಳು ನಮ್ಮ ಸಂಗ್ರಹದಲ್ಲಿವೆ. ಆರು ವರ್ಷದ ಮಗುವಿಗೆ ಕೋಡಿಂಗ್, ಎಂಟು ವರ್ಷದ ಮಗುವಿಗೆ ನಾಯಕತ್ವ, ನಾಳೆಯ ಕೆಲಸಕ್ಕೆ ಇಂದೇ ತಯಾರಿ. ಅವನ್ನು ಓದುವಾಗ ನಗು ಬರುವುದಿಲ್ಲ, ಸುಸ್ತಾಗುತ್ತದೆ. ಯಾಕೆಂದರೆ ನಾವೂ ಅದನ್ನೇ ಮಾಡುತ್ತಿದ್ದೇವೆ. ನಾಳೆ ಯಾವ ಕೆಲಸ ಇರುತ್ತದೆ ಎಂದು ಊಹಿಸುತ್ತೇವೆ, ಅದನ್ನು ಮಕ್ಕಳಿಗೆ ತುಂಬುತ್ತೇವೆ, ತುಂಬಿ ಮುಗಿಯುವಷ್ಟರಲ್ಲಿ ಅದು ಇರುವುದಿಲ್ಲ. ಆದರೂ ಈ ವರ್ಷಗಳಲ್ಲಿ ಒಂದು ಮಗು ನಿಜವಾಗಿ ತಯಾರಾದದ್ದನ್ನು ಕಂಡೆ. ಅದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ಆಕೆಯ ಹೆಸರು ನಿಂಬೆವ್ವ. ಹಳೆಯ ಹೆಸರುಗಳು ನಮ್ಮಲ್ಲಿ ಮತ್ತೆ ಬಂದಿವೆ. ಎಲ್ಲರೂ ನಿಂಬಿ ಎನ್ನುತ್ತಿದ್ದರು. ಅವಳಿಗೆ ಹತ್ತು ವರ್ಷವಿದ್ದಾಗ ಅವಳ ಅಪ್ಪ ಗುರುಪಾದನಿಗೆ ಮೂರನೆಯ ಮುಗಿವೋಲೆ ಬಂದು, ಅವನೂ ಅವಳ ತರಗತಿಗೇ ಸೇರಿದ. ತಾಯಿ ಕಸ್ತೂರಿಗೆ ರಾಯಚೂರಿನಲ್ಲಿ ಬಿಸಿಲಿನಿಂದ ವಿದ್ಯುತ್ ಮಾಡುವ ಕಾರ್ಖಾನೆಯಲ್ಲಿ ಪಾಳಿ, ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಮನೆಯಲ್ಲಿ. ಗುರುಪಾದ ಮೊದಲು ಬಂಡಿಗಾವಲಿನವನಾಗಿದ್ದ. ಚಾಲಕರಿಲ್ಲದ ಬಸ್ಸುಗಳಲ್ಲಿ ಜನರಿಗೆ ಧೈರ್ಯವಿರಲೆಂದು ಒಬ್ಬ ಮನುಷ್ಯನನ್ನು ಮುಂದೆ ಕೂರಿಸುತ್ತಿದ್ದರು. ಜನರಿಗೆ ಧೈರ್ಯ ಬಂತು, ಅವನು ಇಳಿದ. ಆಮೇಲೆ ಯಂತ್ರಗಳಿಗೆ ನಮ್ಮ ಕಡೆಯ ಮಾತು ಕಲಿಸುವ ಕೆಲಸ. ಆ ಕೆಲಸದ ಬಗ್ಗೆ ಅವನು ಒಮ್ಮೆ ನನಗೆ ಹೇಳಿದ: "ನಮ್ಮವ್ವ ಬೈಯ್ಯೂದು, ನಮ್ಮಪ್ಪ ರಮಿಸೂದು ಎಲ್ಲಾ ಕಲಿಸಿದ್ನಿರಿ ಅಕ್ಕೋರ. ಆ ಯಂತ್ರ ಪೂರಾ ಕಲತ ಮ್ಯಾಲೆ, ಬಾಳ ಉಪಕಾರ ಆತು, ಇನ್ನ ಮನಿಗೆ ಹೋಗಿ ಬರ್ರಿ ಅಂತ ನನ್ನ ದನಿಯಾಗ ನನಗ ಹೇಳಿತ್ರಿ." ಮೂರನೆಯದು ಬಿಸಿಲು ಫಲಕಗಳ ಮೇಲ್ವಿಚಾರಣೆ, ಅದೂ ಹೋಯಿತು.

ಆ ವರ್ಷ ನಾವು ಕಲಿಸುತ್ತಿದ್ದದ್ದು ಮಣ್ಣೆಬ್ಬಿಸುವ ಕೆಲಸ. ನಿಮ್ಮ ಕಾಲದಿಂದ ಉಪ್ಪು ಹಿಡಿದು ಸತ್ತುಹೋಗಿದ್ದ ಹೊಲಗಳಿಗೆ ಮತ್ತೆ ಜೀವ ತುಂಬುವುದು. ನೆಲದೊಳಗಿನ ಚಿತ್ರ ಗೋಡೆಯ ಮೇಲೆ ಮೂಡುತ್ತದೆ: ಉಪ್ಪು ಒಂದು ಬಣ್ಣ, ತೇವ ಒಂದು ಬಣ್ಣ, ಬೇರಿನಂತೆ ಹಬ್ಬುವ ಬೂಷ್ಟಿನ ಎಳೆಗಳು ಇನ್ನೊಂದು. ಅದನ್ನು ನೋಡಿ ಎಲ್ಲಿ ಗೊಬ್ಬರ ಊಡಬೇಕು, ಎಲ್ಲಿ ನೀರು ತಡೆಯಬೇಕು ಎಂದು ಹೇಳಬೇಕು. ಗುರುಪಾದನಿಗೆ ಆ ಬಣ್ಣಗಳು ಒಂದರೊಳಗೊಂದು ಕಲಸಿಕೊಂಡಂತೆ ಕಾಣುತ್ತಿದ್ದವು. ವಾರದ ಕೊನೆಗೆ ಎಲ್ಲರ ಹೆಸರೂ ಅಂಕಗಳ ಪ್ರಕಾರ ಮೇಲಿನಿಂದ ಕೆಳಗಿನವರೆಗೆ ಗೋಡೆಯ ಮೇಲೆ ಬರುತ್ತಿತ್ತು. ಅದು ಮೇಲಿನವರ ಆಜ್ಞೆ. ಅದನ್ನು ಇಳಿಸಿ ಎಂದು ನಾವು ಶಿಕ್ಷಕರು ಎಷ್ಟು ಸಲ ಕೇಳಿದರೂ ಇಳಿಸಲಿಲ್ಲ. ಮೇಲೆ ನಿಂಬಿ, ಕಡೆಗೆ ಗುರುಪಾದ. ಅವನು ಆ ಗೋಡೆಯನ್ನು ನೋಡದೆಯೇ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದ.

ದೀಪಾವಳಿ ಕಳೆದ ಮೇಲೆ ನಿಂಬಿಯ ಹೆಸರು ಇಳಿಯತೊಡಗಿತು. ಸಂಕ್ರಾಂತಿಯ ಹೊತ್ತಿಗೆ ಅವಳು ಅಪ್ಪನ ಕೆಳಗೆ ಬಂದು ನಿಂತಳು. ಮಗುವಿಗೆ ಮೈ ಸರಿಯಿಲ್ಲವೇನೋ ಎಂದುಕೊಂಡೆ. ಆ ಮಾಘದಲ್ಲಿ ಧಾರವಾಡದ ಮೇಲಿನ ಶಾಲೆಗೆ ಮಕ್ಕಳನ್ನು ಆರಿಸುವವರಿದ್ದರು. ಅಲ್ಲಿ ಕಲಿತವರಿಗೆ ಹೊಲದ ಕೆಲಸವಲ್ಲ, ಇಡೀ ಜಿಲ್ಲೆಯ ನೆಲವನ್ನು ಯೋಜಿಸುವ ಕೆಲಸ. ಕಡೆಯ ಹೆಸರಿನವಳನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ, ನಲ್ಲಿಯ ಹತ್ತಿರ ಕೂತು ಅವಳು ಇನ್ನೊಬ್ಬ ಹುಡುಗಿಗೆ ಆ ದಿನದ ಚಿತ್ರವನ್ನು ಕಡ್ಡಿಯಿಂದ ನೆಲದ ಮೇಲೆ ಬಿಡಿಸಿ ತೋರಿಸುತ್ತಿದ್ದುದನ್ನು ಕಂಡೆ. ಅರ್ಧ ಗಂಟೆಯ ಹಿಂದೆ ನನ್ನ ಮುಂದೆ ತಪ್ಪು ಹೇಳಿದ್ದ ಚಿತ್ರ. ಈಗ ಒಂದು ಗೆರೆಯೂ ತಪ್ಪಿರಲಿಲ್ಲ.

"ನಿನಗ ಬರತೈತಲ್ಲ ನಿಂಬಿ. ಕ್ಲಾಸಿನ್ಯಾಗ ಯಾಕ ತಪ್ಪು ಹೇಳಾಕತ್ತೀ?" ಎಂದೆ.

ಕಡ್ಡಿಯನ್ನು ಬೆನ್ನ ಹಿಂದೆ ಹಿಡಿದುಕೊಂಡಳು. "ಯಾರರ ಒಬ್ರು ಕಡೀಗೆ ಇರಬೇಕಲ್ರಿ. ನಾ ಇರತೀನಿ."

"ನೀನ ಯಾಕ?"

ನೆಲದ ಮೇಲಿನ ಗೆರೆಗಳನ್ನು ಕಾಲಿನಿಂದ ಅಳಿಸುತ್ತಾ ಹೇಳಿದಳು: "ಕಡೀಗೆ ಹೆಸರು ಬಂದ ದಿನ ಅಪ್ಪ ಉಣ್ಣಂಗಿಲ್ರಿ."

ಆ ಸಂಜೆ ನಾನು ಅವರ ಮನೆಗೆ ಹೋದೆ. ಹೇಳಲೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಹೇಳಿದರೆ ಅಪ್ಪ ಕುಗ್ಗುತ್ತಾನೆ, ಹೇಳದಿದ್ದರೆ ಮಗಳು ಉಳಿದುಬಿಡುತ್ತಾಳೆ. ಕೊನೆಗೆ ಹೇಳಿದೆ. ನಿಂಬಿ ಆಗ ಮನೆಯಲ್ಲಿರಲಿಲ್ಲ, ಓಣಿಯಲ್ಲಿ ಆಡುತ್ತಿದ್ದಳು. ಗುರುಪಾದ ಪೂರ್ತಿ ಕೇಳಿದ. "ಆಕಿ ನನ್ನ ಊಟದ ಗಂಗಾಳ ನೋಡ್ತಾಳಂತ ನನಗ ಗೊತ್ತಿರಲಿಲ್ರಿ" ಎಂದ, ಅಷ್ಟೇ. ನನಗೆ ಚಹಾ ಮಾಡಿಕೊಟ್ಟು, ತಾನು ಕುಡಿಯುವುದನ್ನು ಮರೆತ.

ಮರುದಿನ ಅವನು ಎಂದಿನಂತೆ ಗೋಡೆಗೆ ಆತುಕೊಂಡು ಕೂರಲಿಲ್ಲ. ಮುಂದಿನ ಬೆಂಚಿಗೆ ಬಂದ. ಮೊದಲ ಚಿತ್ರ ಮೂಡಿದ್ದೇ ತಡ ಕೈ ಎತ್ತಿ, ಎದ್ದು ನಿಂತು ಉತ್ತರ ಹೇಳಿದ. ಅದು ಪೂರ್ತಿ ತಪ್ಪು. ಉಪ್ಪನ್ನೇ ತೇವವೆಂದು ಓದಿದ್ದ. ಮಕ್ಕಳು ನಕ್ಕರು, ಕೆಲವು ದೊಡ್ಡವರೂ ನಕ್ಕರು. ಅವನು ಕೂರಲಿಲ್ಲ.

"ಎಲ್ಲಿ ತಪ್ಪೇತಿ, ತೋರಸ್ರಿ."

ನಾನು ಗೋಡೆಯ ಕಡೆ ಹೆಜ್ಜೆ ಹಾಕಿದೆ. "ನೀವು ಬ್ಯಾಡ್ರಿ ಅಕ್ಕೋರ. ನಮ್ಮ ನಿಂಬಿ ತೋರಸ್ತಾಳ."

ಅವಳು ಏಳಲಿಲ್ಲ. ತಲೆ ಬಗ್ಗಿಸಿ ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು. ಗುರುಪಾದ ಅವಳ ಕಡೆ ತಿರುಗಿ, ಮನೆಯಲ್ಲಿ ಮಾತಾಡುವಷ್ಟೇ ಮೆಲ್ಲಗೆ ಹೇಳಿದ: "ಏಳವ್ವ. ನಾ ಇವತ್ತು ಹೊಟ್ಟಿ ತುಂಬ ಉಂಡು ಬಂದೇನಿ. ರಾತ್ರಿನೂ ಉಣ್ಣಾಂವ ಅದೇನಿ."

ಅವಳು ಎದ್ದಳು. ಗೋಡೆಯ ಹತ್ತಿರ ಹೋಗಿ ಒಂದೊಂದೇ ಬಣ್ಣ ಮುಟ್ಟಿ ತೋರಿಸಿದಳು. ಅವನು ನಡುನಡುವೆ ತಡೆದು ಕೇಳಿದ, ಅವಳು ಮತ್ತೆ ಹೇಳಿದಳು. ಒಮ್ಮೆ, "ಅಲ್ಲಪ್ಪ, ಅದನ್ನ ಈಗ ಹೇಳಿದ್ನಿ" ಎಂದು ಸಿಡುಕಿದಳು ಕೂಡ. ತರಗತಿಯಲ್ಲಿ ಆಗ ಯಾರೂ ನಗಲಿಲ್ಲ.

ಇದರಿಂದ ಗುರುಪಾದ ಜಾಣನಾದ ಎಂದು ನೀವು ತಿಳಿಯಬಾರದು. ಅವನ ಹೆಸರು ಮತ್ತೆ ಕಡೆಗೆ ಬಂದು, ವರ್ಷ ಮುಗಿಯುವವರೆಗೂ ಅಲ್ಲೇ ಇತ್ತು. ಆದರೆ ಪ್ರತಿ ದಿನ ಬಂದ, ಪ್ರತಿ ದಿನ ಕೈ ಎತ್ತಿದ. ನಿಂಬಿಯ ಹೆಸರು ಮತ್ತೆ ಮೇಲೇರಿತು, ಅವಳು ಮಾಘದಲ್ಲಿ ಆಯ್ಕೆಯಾಗಿ ಧಾರವಾಡಕ್ಕೆ ಹೋದಳು. ಅವನು ಇನ್ನೊಂದು ವರ್ಷ ತೆಗೆದುಕೊಂಡು ಕಡೆಗೂ ತೇರ್ಗಡೆಯಾಗಿ ಕುಷ್ಟಗಿ ಕಡೆಯ ಹೊಲಗಳಲ್ಲಿ ಕೆಲಸಕ್ಕೆ ಸೇರಿದ. ಈಗಲೂ ಅಲ್ಲಿದ್ದಾನೆ. ಸಾಧಾರಣ ಕೆಲಸಗಾರ.

ನಿಂಬಿಗೆ ಹದಿನೆಂಟು ತುಂಬಿ, ಓದು ಮುಗಿಸಿ, ಮೊದಲ ದಿನದ ಕೆಲಸಕ್ಕೆ ಹೋಗುವ ಮೊದಲೇ ಆ ಕೆಲಸಕ್ಕೆ ಮುಗಿವೋಲೆ ಬಂತು. ಇಡೀ ಜಿಲ್ಲೆಯ ನೆಲದ ಯೋಜನೆಯನ್ನು ಇನ್ನು ಮನುಷ್ಯರು ಮಾಡಬೇಕಿಲ್ಲ ಎಂದರು. ಅವಳ ಜೊತೆಗೆ ಓದಿದವರೆಲ್ಲ ಜಾಣ ಮಕ್ಕಳು. ಹುಟ್ಟಿದಾಗಿನಿಂದ ಮೇಲಿನ ಸಾಲಿನಲ್ಲೇ ಇದ್ದವರು. ಅವರಲ್ಲಿ ಎಷ್ಟೋ ಜನ ತಿಂಗಳುಗಟ್ಟಲೆ ಕೋಣೆಯ ಬಾಗಿಲು ಹಾಕಿಕೊಂಡರು. ಕೆಲವರ ತಂದೆ ತಾಯಿ ನನ್ನಲ್ಲಿಗೆ ಬಂದು, ಏನು ಮಾಡಬೇಕು ಎಂದು ಕೇಳಿದರು. ಆ ಮಕ್ಕಳಿಗೆ ಎಲ್ಲವನ್ನೂ ಕಲಿಸಿದ್ದೆವು, ಸೋತು ಬಂದು ಕೂರುವುದೊಂದನ್ನು ಬಿಟ್ಟು.

ನಿಂಬಿ ಧಾರವಾಡದಿಂದ ಬಂದ ವಾರವೇ ಮರುಶಾಲೆಗೆ ಬಂದಳು. ಕಣ್ಣು ಊದಿಕೊಂಡಿದ್ದವು. ಜಡೆ ಮಾತ್ರ ಬಿಗಿಯಾಗಿ ಹೆಣೆದಿತ್ತು. ನಡುವಿನ ಬೆಂಚಿನಲ್ಲಿ ಜಾಗ ಮಾಡಿಕೊಂಡು, "ಎಲ್ಲಿತನಕ ಬಂದೀರಿ ಅಕ್ಕೋರ?" ಎಂದು ಕೇಳಿದಳು. ಆಗ ಕಲಿಸುತ್ತಿದ್ದದ್ದು ವಯಸ್ಸಾದವರ ಆರೈಕೆ. ಅವಳು ಕಲಿತದ್ದಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಬಿಡುವಿನಲ್ಲಿ ಕೇಳಿದೆ: "ಬ್ಯಾಸರ ಆಗಿಲ್ಲೇನ ನಿನಗ?"

"ಆಗೇತ್ರಿ. ಅಪ್ಪಗೂ ಆಗ್ತಿತ್ತು. ಆದ್ರೂ ಮುಂಜಾನೆ ಎದ್ದು ಜಳಕಾ ಮಾಡಿ ಬರತಿದ್ದ. ನಾ ನೋಡೀನಲ್ರಿ."

ಬರುವ ಯುಗಾದಿಗೆ ನನ್ನ ಮುಗಿವೋಲೆಯೂ ಬರುತ್ತದೆ. ಪಾಠ ಹೇಳುವುದಕ್ಕೂ ಇನ್ನು ಮನುಷ್ಯರು ಬೇಕಿಲ್ಲವಂತೆ. ಅರವತ್ತು ದಾಟಿದ ಮೇಲೆ ನಾನೂ ಬೆಂಚಿನ ಮೇಲೆ ಕೂರಬೇಕು. ಹೆದರಿಕೆ ಇದೆ. ಅದಕ್ಕಿಂತ ಹೆಚ್ಚಾಗಿ ದಣಿವಿದೆ. ನಿಮಗೆ ಎಚ್ಚರಿಕೆ ಕೊಡುವಷ್ಟು ತ್ರಾಣವಿಲ್ಲ. ಕೊಟ್ಟರೂ ಬರುವುದು ಬಂದೇ ಬರುತ್ತದೆ. ಒಂದು ಬೇಡಿಕೆ ಮಾತ್ರ ಇದೆ.

ನಿಮ್ಮ ಮಕ್ಕಳನ್ನು ತರಗತಿಗೆ ಬಿಟ್ಟು ನೀವು ಹೊರಗೆ ಕಾಯುತ್ತಾ ನಿಲ್ಲಬೇಡಿ. ನಿಮಗೆ ಬಾರದ ಯಾವುದಾದರೊಂದನ್ನು, ಈಜೋ, ಹೊಲಿಗೆಯೋ, ಪರನಾಡಿನ ಭಾಷೆಯೋ, ಅವರ ಕಣ್ಣೆದುರಿಗೇ ಕಲಿಯಲು ಕೂತುಕೊಳ್ಳಿ. ಬೇಗ ಬರುವುದಿಲ್ಲ. ತಪ್ಪಾಗುತ್ತದೆ, ಅವರು ನಗುತ್ತಾರೆ, ನಗಲಿ. ಮರುದಿನ ಮತ್ತೆ ಕೂತುಕೊಳ್ಳಿ. ಅವರು ನೋಡುತ್ತಿರುತ್ತಾರೆ.

ನಿಮ್ಮ ನಂತರದವಳು,
ಚಂಪಾವತಿ