ತಾಯವ್ವನ ಹೆಸರಿನಲ್ಲಿ ನಾಲ್ಕು ಸಾಲು

ದಾಂಡೇಲಿ
9 ಜೂನ್ 2025, ಸೋಮವಾರ

ಮುಂಡಗೋಡ ಟಿಬೆಟನ್ ಕಾಲೊನಿಯ ಸಮಸ್ತ ಟ್ರ್ಯಾಕ್ಟರುಗಳ ಪ್ರಾಣದಾತ, ಮಹಾರಾಜಶ್ರೀ ತೌಸೀಫ ಸಾಹೇಬರ ಆಯಿಲು ಮೆತ್ತಿದ ಪಾದಗಳಿಗೆ ಬಾಳೇಶನ ಸಲಾಮು.

ಮೊನ್ನೆ ಬಕ್ರೀದಿಗೆ ನೀನು ಕರೆದಿದ್ದೆ, ನಾನು ಬರಲಿಲ್ಲ. ಆರು ಸಲ ಫೋನು ಮಾಡಿದೆ, ನಾನು ಎತ್ತಲಿಲ್ಲ. ನಿನ್ನ ಅಮ್ಮಿ ನನ್ನ ಪಾಲಿನ ಬಿರ್ಯಾನಿ ಎತ್ತಿಟ್ಟು ಸಂಜೆಯವರೆಗೆ ಕಾದರೆಂದು ನಿನ್ನ ತಂಗಿ ಗುಲ್ಶನ ಮೆಸೇಜು ಹಾಕಿದ್ದಳು. ಅವರಿಗೆ ನನ್ನ ಪರವಾಗಿ ಕಿವಿ ಹಿಡಿದುಕೊಂಡು ಮಾಫಿ ಕೇಳು. ಫೋನಿನಲ್ಲಿ ಹೇಳಲು ಹೊರಟರೆ ನೀನು ಮೊದಲ ನಿಮಿಷಕ್ಕೇ ನಗುತ್ತೀ. ನೀನು ನಕ್ಕರೆ ನಾನೂ ನಗುತ್ತೇನೆ. ಇದು ನಗುವ ಸಂಗತಿಯಲ್ಲ. ಅದಕ್ಕೇ ನನ್ನ ಝೆರಾಕ್ಸ್ ಅಂಗಡಿಯ ಬಿಳಿ ಹಾಳೆ ಎತ್ತಿಕೊಂಡು, ಶಾಲೆಯ ನಾಲ್ಕನೇ ಇಯತ್ತೆಯ ನಂತರ ಮೊದಲ ಬಾರಿಗೆ ನಿನಗೆ ಪತ್ರ ಬರೆಯುತ್ತಿದ್ದೇನೆ.

ಸುದ್ದಿ ಇಷ್ಟು: ತಾಯವ್ವ ಆಯಿಯ ಕೈಯಿಂದ ವಾಚನಾಲಯದ ಕೀಲಿ ಹೋಗಿದೆ.

ಹೌದು, ನಮ್ಮ ಆಯಿಯೇ. ಇಪ್ಪತ್ತೆರಡು ವರ್ಷ ಆ ಬಾಗಿಲು ತೆಗೆದು, ಕಸ ಹೊಡೆದು, ಕಪಾಟಿನ ಧೂಳು ಒರೆಸಿ, ರವಿವಾರದ ಓದುಗರ ಬಳಗಕ್ಕೆ ಚಹಾ ಕಾಸಿದವಳು. ಶಾಲೆ ತಪ್ಪಿಸಿಕೊಂಡು ಬಂದ ನಮ್ಮಿಬ್ಬರನ್ನು ಪೇಪರಿನ ಸ್ಟ್ಯಾಂಡಿನ ಹಿಂದೆ ಕೂರಿಸಿ, ನಿನ್ನ ಅಬ್ಬಾ ಹುಡುಕಿಕೊಂಡು ಬಂದಾಗ "ಯಾರೂ ಬಂದಿಲ್ಲೋ ಸುಭಾನಿ" ಎಂದು ಶಾಂತವಾಗಿ ಸುಳ್ಳು ಹೇಳಿದವಳು. ಈಗ ಆಕೆ ದಾಂಡೇಲಿಯಲ್ಲೇ ಇಲ್ಲ. ಸಾಂಬ್ರಾಣಿಯಲ್ಲಿ ತಮ್ಮನ ಮನೆ ಸೇರಿದ್ದಾಳೆ.

ಇದಕ್ಕೆಲ್ಲ ಕಾರಣ ಒಂದು ಕಾದಂಬರಿ ಎಂದರೆ ನಂಬುತ್ತೀಯಾ? ನೀನು ಕಾರ್ಬೊರೇಟರ್ ಓದುವ ವಿದ್ವಾಂಸ, ಪುಸ್ತಕದ ಗೋಜಿಗೆ ಹೋದವನಲ್ಲ. ಆದ್ದರಿಂದ ಕಥಾಸಾರವನ್ನು ನಿವೇದಿಸುತ್ತೇನೆ. ಹೆಸರು 'ಮೇಣದ ಕೊಠಡಿ'. ಗುಡ್ಡದ ಮೇಲೊಂದು ಹಳೆಯ ಕಲ್ಲಿನ ಕಾಲೇಜು. ಅಲ್ಲಿ ಐದು ಜನ ವಿದ್ಯಾರ್ಥಿಗಳು, ಎಲ್ಲರೂ ಚೆಂದ, ಎಲ್ಲರೂ ತೆಳ್ಳಗೆ, ಒಬ್ಬರಿಗೂ ಹಸಿವೆಯಾಗುವುದಿಲ್ಲ. ಅವರಿಗೊಬ್ಬ ಗುರು. ಮೇಣದಬತ್ತಿ ಹಚ್ಚಿ ಹಳೆಗನ್ನಡ ಕಾವ್ಯ ಹೇಳಿಕೊಡುತ್ತಾನೆ, ಸೌಂದರ್ಯಕ್ಕಾಗಿ ಏನು ಮಾಡಿದರೂ ತಪ್ಪಲ್ಲ ಎನ್ನುತ್ತಾನೆ. ಶಿಷ್ಯರು ಆ ಮಾತನ್ನು ಶಿರಸಾವಹಿಸಿ ಆರನೆಯವನೊಬ್ಬನನ್ನು ಕೊಂದುಹಾಕುತ್ತಾರೆ. ಗುರು ಅಷ್ಟರಲ್ಲಿ ಶಾಲು ಹೊದ್ದು ಪರದೇಶಕ್ಕೆ ಹೋಗಿರುತ್ತಾನೆ. ಉಳಿದ ಇನ್ನೂರು ಪುಟ ಐವರೂ ಕಿಟಕಿಯ ಹೊರಗೆ ನೋಡುತ್ತಾರೆ.

ನಮ್ಮ ಬಳಗ ಇದರ ಮೇಲೆ ಮುಗಿಬಿತ್ತು. ಇದ್ದದ್ದು ಒಂದೇ ಪ್ರತಿ. ಬಳಗದ ನೇಮ ನಿನಗೆ ನೆನಪಿರಬಹುದು: ಪುಸ್ತಕದ ಬೆನ್ನಿಗೆ ಒಂದು ಹಾಳೆ ಅಂಟಿಸಿರುತ್ತಾರೆ. ಓದಿ ಮುಗಿಸಿದವರು ಸ್ವಂತ ಕೈಯಿಂದ ನಾಲ್ಕು ಸಾಲು ಅಭಿಪ್ರಾಯ ಬರೆದು ಸಹಿ ಹಾಕಬೇಕು, ಆಗಲೇ ಮುಂದಿನ ಪುಸ್ತಕ. ಈ ಹಾಳೆ ತುಂಬಿ, ಅದರ ಕೆಳಗೊಂದು ಅಂಟಿಸಿ, ಅದೂ ತುಂಬಿ, ಕೊನೆಗೆ ಪುಸ್ತಕಕ್ಕೆ ಬಾಲ ಬೆಳೆದಂತಾಯಿತು. ಪಿಎಚ್‌ಡಿ ಮಾಡುತ್ತಿರುವ ಶಿವಯೋಗಿ ಬರೆದ: "ಈ ಕೊಲೆಗೂ ಒಂದು ಛಂದಸ್ಸಿದೆ." ಅಂದಿನಿಂದ ಮೇ ತಿಂಗಳ ಬಿಸಿಲಲ್ಲಿ ಉಣ್ಣೆಯ ಕೋಟು ಹಾಕಿಕೊಂಡು ತಿರುಗತೊಡಗಿದ. ಮೌಳಂಗಿಯ ಹೊಳೆದಂಡೆಯಲ್ಲಿ ಮೇಣದಬತ್ತಿ ಹಚ್ಚಿ ವಾಚನ ಇಟ್ಟ. ಮಧ್ಯಾಹ್ನ ಮೂರು ಗಂಟೆಗೆ! ಬತ್ತಿ ಹಚ್ಚುವ ಮೊದಲೇ ಬಾಗಿ ಮಲಗಿಬಿಟ್ಟಿತು, ಕೋಟಿನೊಳಗಿನ ಅವನ ಸ್ಥಿತಿಯೂ ಅದೇ. ಹಳಿಯಾಳದಿಂದ ಬರುವ ಲೆಕ್ಚರರ್ ನಿರ್ಮಲಾ ಮೇಡಂ ಬರೆದರು: "ಚೆಂದದ ಗದ್ಯದ ಕೆಳಗೆ ಹೆಣ ಬಚ್ಚಿಟ್ಟಿದ್ದಾರೆ." ಬಳಗದ ಅಧ್ಯಕ್ಷರು, ನಿವೃತ್ತ ಹೈಸ್ಕೂಲು ಮಾಸ್ತರು ನಾಗಲಿಂಗಪ್ಪ ಸರ್ ಹಸಿರು ಶಾಯಿಯಲ್ಲಿ ಬರೆದರು: "ಇಂಥ ಗುರು ಜನ್ಮಕ್ಕೊಬ್ಬ ಸಿಗಬೇಕು." ಯಾರೋ ಪುಣ್ಯಾತ್ಮರು ಬರೆದಿದ್ದರು: "212ನೇ ಪುಟದಲ್ಲಿ ಚಹಾದ ಕಲೆ ಇದೆ. ಕಥೆ ಅಡ್ಡಿಯಿಲ್ಲ." ಇಡೀ ಹಾಳೆಯಲ್ಲಿ ನನಗೆ ಗೌರವ ಬಂದದ್ದು ಅದೊಂದರ ಮೇಲೆ.

ರವಿವಾರ ಬಂತೆಂದರೆ ಮೇಜಿನ ಆ ಕಡೆ ಭಕ್ತರು, ಈ ಕಡೆ ವೈರಿಗಳು. ಕೊಂದವರ ಕಣ್ಣು ಎಷ್ಟು ಚೆಂದ ಎಂದು ಅವರು, ಆ ಕಣ್ಣನ್ನು ಹಾಗೆ ಬಣ್ಣಿಸಿದ್ದು ನೈತಿಕವೇ ಎಂದು ಇವರು. ಸತ್ತವನ ಹೆಸರು ಕೇಳು, ಇಬ್ಬರಿಗೂ ನೆನಪಿಲ್ಲ. ಆಯಿ ನಡುವೆ ಚಹಾ ಹಿಡಿದು ನಿಂತರೆ ಲೋಟ ತೆಗೆದುಕೊಳ್ಳಲೂ ಯಾರೂ ತಲೆ ಎತ್ತುತ್ತಿರಲಿಲ್ಲ. ಇಂಥದ್ದು ಕಂಡಾಗ ಮರ್ಯಾದಸ್ಥರು ಎದ್ದು ಹೋಗುತ್ತಾರೆ. ನಾನು ಚೇಷ್ಟೆ ಮಾಡುತ್ತೇನೆ.

ಒಂದು ದಿನ ಪುಸ್ತಕ ನನ್ನ ಸರದಿಗೆ ಬಂದಾಗ ಎಡಗೈಯಿಂದ, ಸೊಟ್ಟ ಅಕ್ಷರದಲ್ಲಿ ಹೀಗೆ ಬರೆದೆ:

"ನಾನು ಕಸ ಹೊಡೆಯುವವಳು. ಕೊಲೆ ಆದ ಕೊಠಡಿ ಬೆಳಗಾಗುವುದರೊಳಗೆ ಶುಭ್ರವಾಗಿತ್ತು ಅಂತ ಪುಸ್ತಕದಾಗ ಐತಿ. ಅದನ್ನ ತೊಳದವರು ಯಾರು? ಅವರ ಹೆಸರು ಯಾಕಿಲ್ಲ? – ತಾಯವ್ವ."

ಒಂದು ದಿನ ನಕ್ಕು ಹರಿದುಹಾಕುತ್ತಾರೆ ಎಂದುಕೊಂಡಿದ್ದೆ. ಏಕೆಂದರೆ ಆಯಿಗೆ ಅಕ್ಷರ ಬರುವುದಿಲ್ಲ, ಅದು ನನಗೂ ನಿನಗೂ ಗೊತ್ತು. ಇಪ್ಪತ್ತೆರಡು ವರ್ಷ ಅವಳ ಕೈಯ ಚಹಾ ಕುಡಿದ ಬಳಗಕ್ಕೂ ಗೊತ್ತಿರುತ್ತದೆಂದು ಭಾವಿಸಿದ್ದು ನನ್ನ ಮೂರ್ಖತನ. ಒಬ್ಬರಿಗೂ ಗೊತ್ತಿರಲಿಲ್ಲ, ತೌಸೀಫ! ಕಪಾಟಿನಲ್ಲಿ ಪುಸ್ತಕಗಳನ್ನು ಅಷ್ಟು ಸರಿಯಾಗಿ ಜೋಡಿಸಿಡುತ್ತಾಳಲ್ಲ, ಬೆನ್ನಿನ ಬಣ್ಣ, ದಪ್ಪ ನೋಡಿ ಇಡುತ್ತಾಳೆಂದು ಯಾರಿಗೂ ಹೊಳೆದಿರಲಿಲ್ಲ. ಹಾಳೆಯ ಫೋಟೋ ವಾಟ್ಸಪ್ಪಿನಲ್ಲಿ ಜೋಯಿಡಾದವರೆಗೆ ಹೋಯಿತು. ಆಯಿ ನಮ್ಮ ಪಕ್ಷ ಎಂದರು ನಿರ್ಮಲಾ ಮೇಡಂ. ಕಸ ಗುಡಿಸುವವಳನ್ನೂ ಓದಿಸಿತಲ್ಲ, ಅದೇ ಕಾದಂಬರಿಯ ಗೆಲುವು ಎಂದ ಶಿವಯೋಗಿ. ಬರುವ ಜೂನ್ ಒಂದರ ಸಭೆಯಲ್ಲಿ ಶ್ರಮಿಕ ಓದುಗಾರ್ತಿಗೆ ಶಾಲು ಹೊದಿಸುವುದೆಂದು ನಾಗಲಿಂಗಪ್ಪ ಸರ್ ಘೋಷಿಸಿದರು.

ಆ ಘೋಷಣೆಯ ಮರುದಿನ ಮಧ್ಯಾಹ್ನ ಆಯಿ ನೇರ ನನ್ನ ಅಂಗಡಿಗೆ ಬಂದಳು.

"ಬಾಳ್ಯಾ, ನನ್ನ ಹೆಸರ್ಲೆ ಯಾರೋ ಏನೋ ಗೀಚ್ಯಾರಂತ. ನೀನ ಹೌದಲ್ಲೋ?"

"ಹೌದು ಆಯಿ."

"ಭಾಡ್ಯಾ! ಏನಂತ ಗೀಚಿ?"

ಹೇಳಿದೆ. ಸ್ವಲ್ಪ ಹೊತ್ತು ಬಾಯಿಗೆ ಸೆರಗು ಮುಚ್ಚಿಕೊಂಡು ನಕ್ಕಳು. ಆಮೇಲೆ ಬೆಂಚಿನ ಮೇಲೆ ಕೂತು, "ಆತು, ಈಗ ಆ ಹೊತ್ತಗಿ ಓದು. ಕೇಳ್ತೇನಿ. ಬರೇ ಸುಳ್ಳ ಹೊತಗೊಂಡು ಮಂದಿ ಮುಂದ ಹೆಂಗ ನಿಂದರ್ಲಿ?" ಎಂದಳು.

ಒಂಬತ್ತು ಮಧ್ಯಾಹ್ನ ಓದಿದೆ. ಆಕೆ ಮೊರದಲ್ಲಿ ಶೇಂಗಾ ಸುಲಿಯುತ್ತ ಕೇಳಿದಳು. ಇಡೀ ಬಳಗದಲ್ಲಿ ಅಷ್ಟು ಗಮನವಿಟ್ಟು ಆ ಪುಸ್ತಕವನ್ನು ಯಾರೂ ಓದಿಲ್ಲ. "ಇವರಿಗೆ ರೊಟ್ಟಿ ಬಡದ ಹಾಕಾವ್ರ ಯಾರು?" ಎಂದು ಎರಡನೇ ಅಧ್ಯಾಯದಲ್ಲೇ ಕೇಳಿದಳು. ಸತ್ತ ಹುಡುಗನ ತಾಯಿ ಒಂದು ಸಾಲಿನಲ್ಲಿ ಬಂದು ಹೋಗುತ್ತಾಳೆ. ಆ ಸಾಲನ್ನು ಮೂರು ಸಲ ಓದಿಸಿದಳು. ಗುರು ಗಾಡಿ ಹತ್ತಿದ ಪುಟದಲ್ಲಿ ಶೇಂಗಾ ಸುಲಿಯುವುದನ್ನು ಬಿಟ್ಟಳು. ಕೊಠಡಿ ತೊಳೆದವರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನು ಅವಳ ಬಾಯಿಗೆ ತುರುಕಿದ್ದು ಅವಳ ಮಾತೇ ಆಗಿರಲಿಲ್ಲ ಎಂದು ಆಗ ತಿಳಿಯಿತು.

ಜೂನ್ ಒಂದಕ್ಕೆ ಸಭೆ. ಆಯಿ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಶಾಲು, ಹಾರ, ಫೋಟೋ. ಮೈಕು ಕೊಟ್ಟರು. ಆಯಿ ಅದನ್ನು ಪಕ್ಕಕ್ಕಿಟ್ಟು ಹೇಳಿದಳು:

"ಆ ಐದ ಹುಡುಗೂರನ್ನ ಹಿಡದ ನೀವು ಒಂದ ತಿಂಗಳಾತು ಜಗಳಾಡಾಕತ್ತೀರಿ. ಹುಡುಗೂರು ತಪ್ಪ ಮಾಡ್ಯಾವ, ಖರೆ. ಆದ್ರ ಅವಕ್ಕ ಹಂಗ ಮಾಡ್ರಿ ಅಂತ ಕಲಿಸಿದ ಮಾಸ್ತರ ಎಲ್ಲಿ ಹ್ವಾದ? ಅವನ ಸುದ್ದೀನ ಯಾರೂ ತಗೀವಲ್ರಿ. ಹುಡುಗ ಸತ್ತದ್ದು ತಿಳದ ಮ್ಯಾಲೂ ಅಂವ ಒಂದ ಕಾಗದಾ ಬರೀಲಿಲ್ಲ. ಅಂವಗ ನೀವೆಲ್ಲಾ ಕೈ ಮುಗೀತೀರಿ."

ಹಸಿರು ಶಾಯಿಯ ನಾಗಲಿಂಗಪ್ಪ ಸರ್ ಮುಖ ನೋಡಬೇಕಿತ್ತು. ನಿರ್ಮಲಾ ಮೇಡಂ ಮೆಲ್ಲಗೆ, "ಆಯಿ, ನೀವು ಬರದಿದ್ರಲ್ಲ, ಕೊಠಡಿ ತೊಳ್ಯೂದು, ಅದನ್ನ ಹೇಳ್ರಿ" ಎಂದರು.

"ಅದರಾಗೇನೈತ್ರಿ ಬಾಯಾರ? ಕೊಠಡಿ ಯಾರರ ತೊಳೀತಾರ. ದಿನಾ ನಾನೂ ತೊಳೀತೇನಿ. ನಾ ಮಾಸ್ತರನ್ನ ಕೇಳಾಕತ್ತೀನಿ."

ನೋಡು, ಇಲ್ಲಿ ನನ್ನ ಹೇಸಿಗೆ ಶುರುವಾಗುತ್ತದೆ. ನಿಜವಾದ ತಾಯವ್ವ ಎದುರಿಗೆ ನಿಂತು ನಿಜವಾದ ಅಭಿಪ್ರಾಯ ಹೇಳುತ್ತಿದ್ದಾಳೆ, ಅದು ಯಾರಿಗೂ ಬೇಡ. ಅವರಿಗೆ ಬೇಕಾದದ್ದು ನಾನು ಎಡಗೈಯಲ್ಲಿ ಗೀಚಿದ ತಾಯವ್ವ. ಭಕ್ತರೂ ವೈರಿಗಳೂ ತಿಂಗಳಲ್ಲಿ ಮೊದಲ ಬಾರಿಗೆ ಒಂದಾದರು.

ಸರ್ ಎದ್ದು ನಿಂತು, "ತಾಯವ್ವಾ, ನೀ ಪುಸ್ತಕಾ ಓದೀಯೇನು?" ಎಂದರು.

"ಓದಾಕ ಬರಂಗಿಲ್ರೀ ಸರ. ಕೇಳೀನಿ."

"ಹಂಗಾರ ಈ ಸಾಲು?"

"ನಾನ ಬರಿಸೀನ್ರಿ."

"ಯಾರ ಕಡಿಂದ?"

ಆಯಿ ನನ್ನ ಹೆಸರು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ನಾನು ಮೂರನೇ ಸಾಲಿನಲ್ಲಿದ್ದೆ. ಎದ್ದು ನಿಲ್ಲಲು ಎರಡು ಕಾಲು ಸಾಕಿತ್ತು, ಎರಡೂ ಇದ್ದವು. ಊರಿನ ಸಮಸ್ತ ಗಣ್ಯರನ್ನು ಅಣಕಿಸಿದ ಈ ಮಹಾಶೂರ ಕುರ್ಚಿಗೆ ಅಂಟಿಕೊಂಡು ಚಪ್ಪಲಿಯ ಉಂಗುಷ್ಠ ನೋಡುತ್ತಿದ್ದ. "ಸ್ವಂತ ಕೈಲೆ ಬರೀಬೇಕನ್ನೂದು ನಮ್ಮ ನೇಮ. ಇದು ಬಳಗಕ್ಕ ಮೋಸ" ಎಂದರು ಸರ್. ಶಿವಯೋಗಿ ಕೋಟಿನ ಗುಂಡಿ ಹಾಕಿಕೊಂಡು, "ಹೌದ್ರಿ, ಹಾಳೀಗೆ ಒಂದ ಪಾವಿತ್ರ್ಯ ಐತಿ" ಎಂದ. ನಿರ್ಮಲಾ ಮೇಡಂ ಬಸ್ಸಿಗೆ ಹೊತ್ತಾಯಿತೆಂದು ಹೋದರು. ಶಾಲನ್ನು ಯಾರೂ ವಾಪಸು ಕೇಳಲಿಲ್ಲ. ಆಯಿಯೇ ಮಡಚಿ ಮೇಜಿನ ಮೇಲಿಟ್ಟಳು. ಆಮೇಲೆ ಎಲ್ಲರ ಲೋಟ ತೊಳೆದಳು.

ಎರಡು ದಿನದಲ್ಲಿ ಒಂದು ಕಾಗದ ತಯಾರಾಯಿತು. ಆಯಿ ಅದಕ್ಕೆ ಹೆಬ್ಬೆಟ್ಟು ಒತ್ತಿ ಕೀಲಿ ಕೊಟ್ಟಳು, ಗುರುವಾರದ ಹಳಿಯಾಳ ಬಸ್ಸು ಹತ್ತಿದಳು. 'ಮೇಣದ ಕೊಠಡಿ' ಈಗಲೂ ಕಪಾಟಿನಲ್ಲಿದೆ. ಬಾಲ ಇನ್ನೂ ಬೆಳೆಯುತ್ತಿದೆ. ಅದನ್ನು ಹೊಗಳುವವರ ಮೇಲೂ ತೆಗಳುವವರ ಮೇಲೂ ನನಗೆ ಒಂದೇ ಸಮನಾದ ಹೇಸಿಗೆ. ಆ ಪುಸ್ತಕದ ಮೇಲೆ ಮಾತ್ರ ಇಲ್ಲ. ಆಯಿಗೆ ಓದಿ ಹೇಳಿದ ಮೇಲೆ ಅದು ಒಳ್ಳೆಯ ಪುಸ್ತಕವೇ ಅನ್ನಿಸತೊಡಗಿದೆ.

ಬರುವ ರವಿವಾರ ಗ್ಯಾರೇಜು ಮುಚ್ಚಿ ಬೈಕು ತೆಗೆದುಕೊಂಡು ಸಾಂಬ್ರಾಣಿಗೆ ಬಾ. ನಾನು ಹಳಿಯಾಳದ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಇಲ್ಲ ಎನ್ನಬೇಡ, ನಿನ್ನ ಕಾಲಿಗೆ ಬೀಳುತ್ತೇನೆ, ಇದನ್ನು ತಮಾಷೆಗೆ ಬರೆದಿಲ್ಲ.

ಅಮ್ಮಿಗೆ ಸಲಾಮು, ಗುಲ್ಶನಳಿಗೆ ಪರೀಕ್ಷೆಯಲ್ಲಿ ಪಾಸಾಗುವ ಆಶೀರ್ವಾದ. ನಿನ್ನ ಪಾನಾ ನಟ್ಟಿನ ಮೇಲಿಂದ ಎಂದೂ ಜಾರದಿರಲಿ, ಕಾಲೊನಿಯ ಗೋವಿನಜೋಳ ಹುಲುಸಾಗಿ ಬಂದು ಟ್ರ್ಯಾಕ್ಟರುಗಳೆಲ್ಲ ಕಾಲಕಾಲಕ್ಕೆ ಕೆಡಲಿ.

ನಿನ್ನ
ಬಾಳೇಶ

ತಾ.ಕ.: ಮೇಲೆ "ಒಂದು ಕಾಗದ ತಯಾರಾಯಿತು" ಎಂದು ಬರೆದಿದ್ದೇನೆ. ಕಾಗದ ತಾನೇ ತಯಾರಾಗುವುದಿಲ್ಲ. ಸಭೆಯ ಮರುದಿನ ನಾಗಲಿಂಗಪ್ಪ ಸರ್ ಅಂಗಡಿಗೆ ಬಂದು, "ಆ ಸಾಲು ಯಾರ ಬರದಾರಂತ ನಾ ಕೇಳೂದಿಲ್ಲ ಬಾಳೇಶ. ಇದನ್ನಷ್ಟ ಬರಕೊಡು" ಎಂದರು. ಬರೆದುಕೊಟ್ಟೆ, ಬಲಗೈಯಿಂದ, ದುಂಡಗೆ: "ನಾನು ಅನಕ್ಷರಸ್ಥೆಯಾಗಿದ್ದರೂ ಓದುಗಾರ್ತಿಯೆಂದು ನಂಬಿಸಿ ಬಳಗಕ್ಕೆ ಮೋಸ ಮಾಡಿದ್ದೇನೆ. ತಪ್ಪೊಪ್ಪಿಕೊಂಡು ಕೀಲಿ ಒಪ್ಪಿಸಿದ್ದೇನೆ." ಹೆಬ್ಬೆಟ್ಟು ಒತ್ತುವ ಮೊದಲು ಆಯಿ ಅದನ್ನು ನನ್ನ ಕೈಗೇ ಕೊಟ್ಟು, "ಏನೈತಿ ಓದು" ಎಂದಳು. ನಾನು ಓದಿದೆ: "ನನಗೆ ವಯಸ್ಸಾಯಿತು, ಮೊಣಕಾಲು ನೋಯುತ್ತವೆ, ಇಪ್ಪತ್ತೆರಡು ವರ್ಷ ಸಂತೋಷದಿಂದ ದುಡಿದು ಸ್ವಂತ ಇಚ್ಛೆಯಿಂದ ಬಿಡುತ್ತಿದ್ದೇನೆ." ಆಯಿ ಕೇಳಿಸಿಕೊಂಡು, "ಮರ್ಯಾದಿ ಇಟ್ಟ ಬರದೀಯಪಾ" ಎಂದು ನನ್ನ ತಲೆ ಸವರಿ ಹೆಬ್ಬೆಟ್ಟು ಒತ್ತಿದಳು. ಅದರ ಝೆರಾಕ್ಸ್ ನನ್ನ ಹತ್ತಿರ ಇದೆ. ರವಿವಾರ ಅವಳ ಮುಂದೆ ಅದನ್ನು ನೀನು ಓದಬೇಕು, ತೌಸೀಫ, ಇದ್ದದ್ದು ಇದ್ದ ಹಾಗೆ. ನಾನು ಓದಿದರೆ ನನ್ನ ಬಾಯಿ ಮತ್ತೆ ಬೇರೆ ಏನಾದರೂ ಓದಿಬಿಡುತ್ತದೆ.